ಆರ್‌ಜಿಯುಎಚ್‌ಎಸ್ ಬಿಪಿಟಿ ಮಾಡಿದವರಿಗೆ ಅಮೆರಿಕದಲ್ಲಿ ಫಿಸಿಯೋ ಲೈಸೆನ್ಸ್: ಎಲ್ಲಿಂದ ಶುರು ಮಾಡಬೇಕು?

ಪವಿತ್ರಾ ಹಾಸನ (ಪ್ಲೇನೋ, ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ನಾನು 2015ರಲ್ಲಿ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಮುಗಿಸಿದವಳು. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ (ಆರ್‌ಜಿಯುಎಚ್‌ಎಸ್) ಸೇರಿದ್ದು. ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್. ಆಮೇಲೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದೆ. ಮಂಡಿ ಆಪರೇಷನ್ ಆದವರು, ಸೊಂಟ ಮುರಿದುಕೊಂಡ ಅಜ್ಜಿಯರು, ಸ್ಟ್ರೋಕ್ ಆಗಿ ಒಂದು ಕೈ ಕಾಲು ಬಿದ್ದುಹೋದವರು, ಎಲ್ಲರನ್ನೂ ನೋಡಿದ್ದೇನೆ. ಕೆಲಸ ನನಗೆ ತುಂಬಾ ಇಷ್ಟ.

ಮದುವೆಯಾಗಿ ಎಚ್-4ನಲ್ಲಿ, ಅಂದರೆ ಯಜಮಾನರ ಕೆಲಸದ ವೀಸಾ ಮೇಲೆ ಅವಲಂಬಿತಳಾಗಿ, ಇಲ್ಲಿಗೆ ಬಂದೆ. ಯಜಮಾನರ ಗ್ರೀನ್ ಕಾರ್ಡ್‌ನ ಐ-140 ಅರ್ಜಿ ಒಪ್ಪಿಗೆ ಆಗಿದೆ, ಹಾಗಾಗಿ ನನಗೆ ಕೆಲಸದ ಪರವಾನಗಿ, ಅಂದರೆ ಇಎಡಿ, ಕೈಯಲ್ಲಿದೆ. ಆದರೆ ಲೈಸೆನ್ಸ್ ಇಲ್ಲದೆ ಫಿಸಿಯೋ ಅಂತ ಹೇಳಿಕೊಳ್ಳುವ ಹಾಗಿಲ್ಲ ಅಂತ ಗೊತ್ತು. ಯಾರನ್ನು ಕೇಳಿದರೂ ಒಂದೊಂದು ಉತ್ತರ. ಒಬ್ಬರು ಮೊದಲು ಇಂಗ್ಲಿಷ್ ಪರೀಕ್ಷೆ ಟೋಫೆಲ್ ಬರಿ ಅನ್ನುತ್ತಾರೆ. ಇನ್ನೊಬ್ಬರು ಇಲ್ಲೇ ಮತ್ತೆ ಡಿಪಿಟಿ, ಅಂದರೆ ಇಲ್ಲಿನ ಫಿಸಿಯೋ ಡಾಕ್ಟರೇಟ್ ಪದವಿ, ಮಾಡದೆ ಆಗುವುದೇ ಇಲ್ಲ ಅನ್ನುತ್ತಾರೆ. ಒಂದು ಕೋಚಿಂಗ್‌ನವರು ದುಡ್ಡು ಕಟ್ಟಿ, ಎಲ್ಲಾ ನಾವೇ ಮಾಡಿಸುತ್ತೇವೆ ಅಂತ ದಿನಾ ಫೋನ್ ಮಾಡುತ್ತಾರೆ.

ಇದನ್ನು ನಿಜವಾಗಿ ದಾಟಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮೊದಲ ಹೆಜ್ಜೆ ಯಾವುದು? ನನ್ನ ಬಿಪಿಟಿ ಸಾಕಾಗುತ್ತದಾ? ಲೈಸೆನ್ಸ್ ಬರುವ ತನಕ ಯಾವುದಾದರೂ ಕ್ಲಿನಿಕ್‌ನಲ್ಲಿ ಸಹಾಯಕಿಯಾಗಿ ಕೆಲಸ ಮಾಡಬಹುದಾ?

ಇನ್ನೊಂದು ಪ್ರಶ್ನೆ, ನನ್ನದಲ್ಲ. ಯಜಮಾನರ ಅಕ್ಕನ ಮಗ ಇಲ್ಲೇ ಹುಟ್ಟಿ ಬೆಳೆದವನು. ಯುಎಸ್ ಆರ್ಮಿ ಸೇರಿ ಫಿಸಿಕಲ್ ಥೆರಪಿ ಸ್ಪೆಷಲಿಸ್ಟ್ ಆಗಿದ್ದಾನೆ. ಆರ್ಮಿ ಬಿಟ್ಟ ಮೇಲೆ ನನಗೆ ಸೀದಾ ಲೈಸೆನ್ಸ್ ಸಿಗುತ್ತದೆ ಅತ್ತೆ ಅನ್ನುತ್ತಾನೆ. ಅದು ಹೌದಾ?

ಮಂಜುಳಾ ದಾವಣಗೆರೆ (ಹ್ಯೂಸ್ಟನ್)

ಪವಿತ್ರಾ, ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ. ನಾನೂ ಬಿಪಿಟಿಯವಳೇ, 2006ರ ಬ್ಯಾಚ್. ಈಗ ಹ್ಯೂಸ್ಟನ್‌ನಲ್ಲಿ ಒಳರೋಗಿಗಳ ರಿಹ್ಯಾಬ್‌ನಲ್ಲಿದ್ದೇನೆ, ಹೆಚ್ಚಾಗಿ ಸ್ಟ್ರೋಕ್ ಮತ್ತು ಬೆನ್ನುಹುರಿ ಪೆಟ್ಟಿನ ರೋಗಿಗಳು. ಉದ್ದವಾಗಿ ಬರೆಯುತ್ತೇನೆ, ಬೇಜಾರಿಲ್ಲದೆ ಓದಿ.

ಮೊದಲ ಹೆಜ್ಜೆ ಟೋಫೆಲ್ ಅಲ್ಲ, ಪರೀಕ್ಷೆಯೂ ಅಲ್ಲ. ಯಾವ ರಾಜ್ಯದ ಲೈಸೆನ್ಸ್ ಅಂತ ಮೊದಲು ತೀರ್ಮಾನ ಮಾಡಿ. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ರಾಜ್ಯ, ದೇಶವಲ್ಲ. ಪರೀಕ್ಷೆ ಮಾತ್ರ ಎಲ್ಲ ರಾಜ್ಯಕ್ಕೂ ಒಂದೇ, ಎನ್‌ಪಿಟಿಇ. ಅದನ್ನು ನಡೆಸುವುದು ರಾಜ್ಯ ಬೋರ್ಡುಗಳ ಒಕ್ಕೂಟವಾದ ಎಫ್‌ಎಸ್‌ಬಿಪಿಟಿ. ಆದರೆ ಆ ಪರೀಕ್ಷೆಗೆ ನೀವು ಕೂರಬಹುದೋ ಇಲ್ಲವೋ ಅಂತ ಹೇಳುವುದು ರಾಜ್ಯದ ಬೋರ್ಡು. ವಿದೇಶದಲ್ಲಿ ಓದಿದವರಿಗೆ ಒಂದೊಂದು ರಾಜ್ಯದ ನಿಯಮ ಒಂದೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇರುವವರ ಕೈಕೆಳಗೆ ಒಂಬತ್ತು ತಿಂಗಳ ತನಕ ಕ್ಲಿನಿಕಲ್ ಸೇವೆ ಮಾಡಬೇಕು ಅಂತ ಕಾನೂನಿನಲ್ಲೇ ಇದೆ. ಟೆಕ್ಸಾಸ್‌ನಲ್ಲಿ ರಾಜ್ಯದ ಕಾನೂನಿನ ಬಗ್ಗೆ ಬೇರೆ ಒಂದು ಪರೀಕ್ಷೆ ಇದೆ, ಜ್ಯಾಮ್ ಅನ್ನುತ್ತಾರೆ. ನೀವು ಪ್ಲೇನೋದಲ್ಲಿ ಇದ್ದೀರಿ, ಮನೆಯೂ ಅಲ್ಲೇ. ಹಾಗಾದರೆ ಟೆಕ್ಸಾಸ್ ಬೋರ್ಡಿನ ವಿದೇಶಿ ಪದವೀಧರರ ನಿಯಮವನ್ನು ಮೊದಲು ಪೂರ್ತಿ ಓದಿ. ಅರ್ಥವಾಗದ್ದನ್ನು ಆಸ್ಟಿನ್‌ನ ಕಚೇರಿಗೆ ಇಮೇಲ್ ಮಾಡಿ ಕೇಳಿ. ಫೋನ್‌ನಲ್ಲಿ ಕೇಳಬೇಡಿ. ಉತ್ತರ ಬರಹದಲ್ಲಿ ಇರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಎರಡನೆಯದು ಕ್ರೆಡೆನ್ಷಿಯಲ್ ಇವ್ಯಾಲ್ಯುಯೇಷನ್. ಎಲ್ಲರೂ ಸುಸ್ತಾಗುವುದು ಇಲ್ಲೇ. ಎಫ್‌ಸಿಸಿಪಿಟಿಯಂಥ ಸಂಸ್ಥೆಗಳು ನಿಮ್ಮ ಓದನ್ನು ಇಲ್ಲಿನ ಓದಿನ ಜೊತೆ ಇಟ್ಟು ನೋಡುತ್ತವೆ. ಯಾವ ಸಂಸ್ಥೆಯ ವರದಿ ನಡೆಯುತ್ತದೆ ಅಂತ ಬೋರ್ಡನ್ನೇ ಕೇಳಿಕೊಳ್ಳಿ. ನೀವು ಎಷ್ಟು ಒಳ್ಳೆಯ ಫಿಸಿಯೋ, ಎಷ್ಟು ವರ್ಷ ಕೆಲಸ ಮಾಡಿದಿರಿ, ಇದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಯಾವ ವಿಷಯ ಎಷ್ಟು ಗಂಟೆ ಕಲಿತಿರಿ, ಸಿಲೆಬಸ್‌ನಲ್ಲಿ ಅದು ಬರೆದಿದೆಯಾ, ಅಷ್ಟೇ. ಅದಕ್ಕೆ ಕೋರ್ಸ್‌ವರ್ಕ್ ಟೂಲ್ ಅಂತ ಒಂದು ಪಟ್ಟಿ ಇದೆ, ಸಿಡಬ್ಲ್ಯೂಟಿ ಅನ್ನುತ್ತಾರೆ. ಕಾಲಕಾಲಕ್ಕೆ ಅದು ಬದಲಾಗುತ್ತಾ ಬಂದಿದೆ. ಆರನೆಯದು 2017ರಿಂದ ಈಚೆಗೆ ಪಾಸಾದವರಿಗಾಗಿ ಬಂದದ್ದು, ಅದು ಇಲ್ಲಿನ ಡಿಪಿಟಿ ಮಟ್ಟದ್ದು. ನೀವು 2015ರವರು. ಕೆಲವು ರಾಜ್ಯಗಳು ನೀವು ಪಾಸಾದ ವರ್ಷದ ಟೂಲ್ ಹಿಡಿದು ನೋಡುತ್ತವೆ, ಕೆಲವು ಹೊಸ ಟೂಲೇ ಬೇಕು ಅನ್ನುತ್ತವೆ. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ಇದೇ ದೊಡ್ಡ ಪ್ರಶ್ನೆ. ಐದನೆಯದಕ್ಕೆ ಸರಿಹೊಂದುವ ಬಿಪಿಟಿ ಆರನೆಯದಕ್ಕೆ ಸಾಲದೆ ಹೋಗಬಹುದು. ದುಡ್ಡು ಕಟ್ಟುವ ಮೊದಲೇ ಬೋರ್ಡಿನಿಂದ ಇದಕ್ಕೆ ಉತ್ತರ ತರಿಸಿಕೊಳ್ಳಿ.

ನಮ್ಮ ಬಿಪಿಟಿಯವರಿಗೆ ಎಲ್ಲಿ ಕೊರತೆ ಬೀಳುತ್ತದೆ ಅಂತ ಹೇಳುತ್ತೇನೆ. ಒಂದು, ಜನರಲ್ ಎಜುಕೇಷನ್. ಇಲ್ಲಿ ಫಿಸಿಯೋ ಓದುವವರು ಮೊದಲು ಒಂದು ಡಿಗ್ರಿ ಮುಗಿಸಿರುತ್ತಾರೆ. ಅದರಲ್ಲಿ ಇತಿಹಾಸ, ಸಮಾಜಶಾಸ್ತ್ರ, ಸಾಹಿತ್ಯ, ಗಣಿತ ಎಲ್ಲಾ ಇರುತ್ತದೆ. ನಾವು ಪಿಯುಸಿ ಮುಗಿಸಿ ಸೀದಾ ಅನಾಟಮಿ ಕ್ಲಾಸಿಗೆ ಹೋದವರು. ಈ ಕೊರತೆಯನ್ನು ತುಂಬಲು ಕ್ಲೆಪ್ ಪರೀಕ್ಷೆಗಳಿವೆ, ಕಾಲೇಜಿಗೆ ಹೋಗದೆ ಬರೆಯಬಹುದು, ಖರ್ಚೂ ಕಡಿಮೆ. ಆದರೆ ಯಾವ ವಿಷಯ ಅಂತ ಸಂಸ್ಥೆಯವರ ವರದಿ ಬಂದ ಮೇಲೆ ತೀರ್ಮಾನಿಸಿ. ಮೊದಲೇ ಬರೆದರೆ ಬೇಡದ್ದನ್ನು ಬರೆದ ಹಾಗಾಗುತ್ತದೆ. ಎರಡು, ವೃತ್ತಿಯ ವಿಷಯಗಳು. ರೋಗ ಬೇರ್ಪಡಿಸಿ ಗುರುತಿಸುವುದು, ಔಷಧಗಳ ಪರಿಣಾಮ, ಎಕ್ಸ್‌ರೇ ಎಂಆರ್‌ಐ ಓದುವುದು, ಗಾಯದ ಆರೈಕೆ. ಇವಕ್ಕೆ ಹಲವರು ಟ್ರಾನ್ಸಿಷನಲ್ ಡಿಪಿಟಿ ಮಾಡುತ್ತಾರೆ. ಇದು ಈಗಾಗಲೇ ಫಿಸಿಯೋ ಆದವರಿಗೆ ಇರುವ ಕೋರ್ಸ್, ಬಹಳಷ್ಟು ಆನ್‌ಲೈನ್‌ನಲ್ಲೇ ಮುಗಿಯುತ್ತದೆ. ಮೂರು ವರ್ಷದ ಪೂರ್ತಿ ಡಿಪಿಟಿ ಮತ್ತೆ ಮಾಡಲೇಬೇಕು ಅನ್ನುವುದು ಸುಳ್ಳು.

ದಾಖಲೆಗಳ ವಿಷಯಕ್ಕೆ ಬರುತ್ತೇನೆ. ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದಲೇ ಆ ಸಂಸ್ಥೆಗೆ ಹೋಗಬೇಕು, ನಿಮ್ಮ ಕೈಯಿಂದ ಹೋದರೆ ತೆಗೆದುಕೊಳ್ಳುವುದಿಲ್ಲ. ನಮ್ಮ ಅಂಕಪಟ್ಟಿಯಲ್ಲಿ ಕ್ರೆಡಿಟ್ ಇರುವುದಿಲ್ಲ, ಅಂಕ ಮಾತ್ರ ಇರುತ್ತದೆ. ಹಾಗಾಗಿ ವಿಷಯವಾರು ಗಂಟೆಗಳ ಪಟ್ಟಿ, ಇಂಟರ್ನ್‌ಶಿಪ್‌ನಲ್ಲಿ ಯಾವ ವಿಭಾಗದಲ್ಲಿ ಎಷ್ಟು ಗಂಟೆ ಇದ್ದಿರಿ ಎಂಬ ಪತ್ರ, ನೀವು ಓದಿದ ವರ್ಷದ ಸಿಲೆಬಸ್, ಇಷ್ಟನ್ನೂ ಕಾಲೇಜಿನಿಂದ ಸಹಿ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಈಗಿನ ಸಿಲೆಬಸ್ ಕೊಟ್ಟುಬಿಡುತ್ತಾರೆ, ನೋಡಿಕೊಳ್ಳಿ. ನಿಮ್ಮ ಕಡೆಯವರು ಯಾರಾದರೂ ಜಯನಗರದ ವಿಶ್ವವಿದ್ಯಾಲಯದ ಕಚೇರಿಗೆ ಖುದ್ದಾಗಿ ಹೋಗಿ ಬೆನ್ನು ಹತ್ತಿದರೆ ಬೇಗ ಆಗುತ್ತದೆ. ನನ್ನ ವಿಷಯದಲ್ಲಿ ಅಪ್ಪ ಹಿಡಿದ ಹಟದಿಂದಲೇ ಇಂಟರ್ನ್‌ಶಿಪ್ ಪತ್ರ ಸಿಕ್ಕಿದ್ದು. ಕಾಲೇಜಿನಲ್ಲಿ ಆ ರಿಜಿಸ್ಟರ್ ಎಲ್ಲಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ತೊಡಕು. ನಿಮ್ಮ ದೇಶದ ಲೈಸೆನ್ಸ್ ತೋರಿಸಿ ಅಂತ ಕೇಳುತ್ತಾರೆ. ನಾವು ಓದುವಾಗ ಕರ್ನಾಟಕದಲ್ಲಿ ಫಿಸಿಯೋಗಳಿಗೆ ಅಂತ ಕೌನ್ಸಿಲ್ ಇರಲಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದಿದ್ದೇ 2021ರಲ್ಲಿ. ಐಎಪಿ, ಅಂದರೆ ಭಾರತದ ಫಿಸಿಯೋಗಳ ಸಂಘ, ಅದರದ್ದು ಬರೀ ಸದಸ್ಯತ್ವ, ಲೈಸೆನ್ಸ್ ಅಲ್ಲ. ಅದನ್ನು ಲೈಸೆನ್ಸ್ ಅಂತ ಬರೆಯಬೇಡಿ. ನೀವು ಓದಿದ ಕಾಲದಲ್ಲಿ ಇದ್ದ ಪರಿಸ್ಥಿತಿಯನ್ನು ಇದ್ದ ಹಾಗೆ ಬರೆದು, ಪದವಿಯ ಮೇಲೆಯೇ ಕೆಲಸ ಮಾಡುವ ಹಕ್ಕು ಇತ್ತು ಅಂತ ಕಾಲೇಜಿನಿಂದ ಪತ್ರ ತರಿಸಿ.

ಟೋಫೆಲ್ ಬೇಕು. ಬಿಪಿಟಿ ಇಂಗ್ಲಿಷಿನಲ್ಲೇ ಓದಿದೆವು ಅಂದರೂ ವಿನಾಯಿತಿ ಸಿಗುವುದಿಲ್ಲ. ಅದು ಬ್ರಿಟನ್, ಆಸ್ಟ್ರೇಲಿಯಾದಂಥ ಕೆಲವೇ ದೇಶಗಳಲ್ಲಿ ಓದಿದವರಿಗೆ. ಒಟ್ಟು ಅಂಕ ಬಂದರೆ ಸಾಲದು, ಪ್ರತಿ ಭಾಗಕ್ಕೂ ಬೇರೆ ಬೇರೆ ಕನಿಷ್ಠ ಅಂಕವಿದೆ. ನಮ್ಮವರು ಸಿಕ್ಕಿಬೀಳುವುದು ಸ್ಪೀಕಿಂಗ್‌ನಲ್ಲಿ. ಆ ಅಂಕಕ್ಕೆ ಅವಧಿ ಮುಗಿಯುವ ದಿನವೂ ಇರುತ್ತದೆ, ಹಾಗಾಗಿ ದಾಖಲೆ ಹೊರಟ ಮೇಲೆ ಬರೆಯಿರಿ.

ಎನ್‌ಪಿಟಿಇ ಬಗ್ಗೆ. ವರ್ಷಕ್ಕೆ ನಾಲ್ಕು ಸಲ, ನಿಗದಿಯಾದ ದಿನಗಳಲ್ಲಿ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. 225 ಪ್ರಶ್ನೆ, ಐದು ಗಂಟೆ. ಪಾಸಾಗಲು 600 ಬೇಕು, ಅದು 200ರಿಂದ 800ರ ಅಳತೆಯಲ್ಲಿ. ಹನ್ನೆರಡು ತಿಂಗಳಲ್ಲಿ ಮೂರು ಸಲ, ಜೀವನದಲ್ಲಿ ಒಟ್ಟು ಆರು ಸಲ ಮಾತ್ರ ಬರೆಯಬಹುದು. ಅದಕ್ಕೇ ಹೇಳುತ್ತೇನೆ, ಸುಮ್ನೆ ಒಂದು ಸಲ ನೋಡಿ ಬರೋಣ ಅಂತ ಹೋಗಬೇಡಿ.

ನಮಗೆ ಕಷ್ಟವಾಗುವುದು ಓದಿನ ಕೊರತೆಯಿಂದಲ್ಲ. ಊರಿನಲ್ಲಿ ಡಾಕ್ಟರ್ ಚೀಟಿ ಬರೆದು ಕಳಿಸುತ್ತಾರೆ, ಐಎಫ್‌ಟಿ ಕರೆಂಟ್ ಕೊಡಿ, ಅಲ್ಟ್ರಾಸೌಂಡ್ ಕೊಡಿ, ಮೇಣದ ಸ್ನಾನ ಕೊಡಿ ಅಂತ. ಇಲ್ಲಿ ಎಲ್ಲ ರಾಜ್ಯಗಳಲ್ಲೂ ಒಂದಲ್ಲ ಒಂದು ಮಟ್ಟಿಗೆ ರೋಗಿ ಡಾಕ್ಟರ್ ಚೀಟಿ ಇಲ್ಲದೆ ನೇರವಾಗಿ ಫಿಸಿಯೋ ಹತ್ತಿರ ಬರಬಹುದು. ಬೆನ್ನುನೋವು ಅಂತ ಬಂದವರಿಗೆ ಅದು ಸ್ನಾಯುವಿನದ್ದೋ, ಕಿಡ್ನಿಯದ್ದೋ, ಹೊಟ್ಟೆಯ ರಕ್ತನಾಳ ಉಬ್ಬಿದ್ದೋ ಅಂತ ಮೊದಲು ನೋಡಬೇಕಾದವರು ನೀವು. ಪರೀಕ್ಷೆಯ ಪ್ರಶ್ನೆಗಳೂ ಹಾಗೇ ಇರುತ್ತವೆ. ಮಂಡಿ ಆಪರೇಷನ್ ಆಗಿ ಕೆಲವೇ ದಿನ, ಮೀನಖಂಡ ಊದಿ ಬಿಸಿಯಾಗಿದೆ, ಈಗ ಏನು ಮಾಡುತ್ತೀರಿ? ನಾಲ್ಕು ಉತ್ತರದಲ್ಲಿ ಮೂರು ವ್ಯಾಯಾಮ, ನಾಲ್ಕನೆಯದು ವ್ಯಾಯಾಮ ನಿಲ್ಲಿಸಿ ಸರ್ಜನ್‌ಗೆ ತಿಳಿಸುವುದು. ಸರಿಯುತ್ತರ ಅದೇ. ಊರಿನ ಪರೀಕ್ಷೆಯಲ್ಲಿ ನಾವು ಪುಟಗಟ್ಟಲೆ ಬರೆದು ಅಭ್ಯಾಸ. ಇಲ್ಲಿ ನಿರ್ಧಾರ ಮಾಡುವುದನ್ನು ಕಲಿಯಬೇಕು. ಗಾಯದ ಭಾಗವನ್ನೂ ಗಟ್ಟಿ ಮಾಡಿಕೊಳ್ಳಿ. ಊರಲ್ಲಿ ಡ್ರೆಸ್ಸಿಂಗ್ ನರ್ಸ್‌ಗಳ ಕೆಲಸ, ಇಲ್ಲಿ ಫಿಸಿಯೋಗಳೂ ಮಾಡುತ್ತಾರೆ. ಎಫ್‌ಎಸ್‌ಬಿಪಿಟಿಯವರದ್ದೇ ಪೀಟ್ ಅಂತ ಅಭ್ಯಾಸ ಪರೀಕ್ಷೆ ಇದೆ. ಅದನ್ನು ಕಡೆಯ ವಾರಗಳಿಗೆ ಉಳಿಸಿಕೊಳ್ಳಿ.

ಈ ಮಾತನ್ನು ನಾನು ಎಲ್ಲ ಕಿರಿಯರಿಗೂ ಹೇಳುತ್ತೇನೆ. ಹಳೆಯ ಪ್ರಶ್ನೆ ಹಂಚುವ ವಾಟ್ಸಾಪ್ ಗುಂಪುಗಳ ಹತ್ತಿರ ಹೋಗಬೇಡಿ. 2010ರ ಜುಲೈನಲ್ಲಿ ಭಾರತ, ಪಾಕಿಸ್ತಾನ, ಫಿಲಿಪ್ಪೀನ್ಸ್, ಈಜಿಪ್ಟ್‌ನಲ್ಲಿ ಓದಿದವರು ಎನ್‌ಪಿಟಿಇ ಬರೆಯುವುದನ್ನೇ ತಡೆದುಬಿಟ್ಟರು. ಪ್ರಶ್ನೆಗಳನ್ನು ನೆನಪಿಟ್ಟು ಬಂದು ಹಂಚುತ್ತಿದ್ದಾರೆ ಅನ್ನುವುದು ಕಾರಣ. ನಾನು ಆಗ ಓದಿ ಸಿದ್ಧಳಾಗಿದ್ದೆ. ಯಾವ ತಪ್ಪೂ ಮಾಡದ ಸಾವಿರಾರು ಜನ ಕಾಯುತ್ತಾ ಕೂತೆವು. ಆಮೇಲೆ ನಮಗೆ ಅಂತಲೇ ಬೇರೆ ಪರೀಕ್ಷೆ ಮಾಡಿದರು. ಬೇಕಾದ ದಿನ ಬರೆಯುವ ಪದ್ಧತಿ ಹೋಗಿ ನಿಗದಿತ ದಿನಗಳು ಬಂದಿದ್ದೂ ಅದರ ಹಿಂದೆಯೇ. ಆ ದಿನಗಳಲ್ಲಿ ನಮ್ಮ ಪದವಿಯ ಹೆಸರು ಹೇಳಿದರೆ ಸಂದರ್ಶನದಲ್ಲಿ ಮುಖ ನೋಡುವ ರೀತಿಯೇ ಬೇರೆ ಇತ್ತು. ಯಾರೋ ಕೆಲವರು ಮಾಡಿದ್ದಕ್ಕೆ ಒಂದು ದೇಶದ ಪದವಿಗೇ ಅನುಮಾನ ಅಂಟಿತು. ಅದು ಇನ್ನೊಮ್ಮೆ ಆಗಬಾರದು.

ಸಹಾಯಕಿಯಾಗಿ ಕೆಲಸ: ನಿಮಗೆ ಇಎಡಿ ಇರುವುದರಿಂದ ರಿಹ್ಯಾಬ್ ಟೆಕ್ ಆಗಿ ಸೇರಬಹುದು. ಮಾಡಿ, ಇಲ್ಲಿನ ಕ್ಲಿನಿಕ್ ಹೇಗೆ ನಡೆಯುತ್ತದೆ, ಇನ್ಶೂರೆನ್ಸ್‌ಗೆ ನೋಟ್ಸ್ ಹೇಗೆ ಬರೆಯುತ್ತಾರೆ ಅಂತ ಗೊತ್ತಾಗುತ್ತದೆ. ಆದರೆ ರೋಗಿಯನ್ನು ಪರೀಕ್ಷಿಸುವುದು, ಚಿಕಿತ್ಸೆ ಬದಲಾಯಿಸುವುದು ನಿಮ್ಮ ಕೆಲಸವಲ್ಲ. ನಿಮಗೆ ಗೊತ್ತಿದೆ ಅಂತ ಯಾರಾದರೂ ಮಾಡಿಸಲು ನೋಡಿದರೆ ಗಟ್ಟಿಯಾಗಿ ಇಲ್ಲ ಅನ್ನಿ. ನಾಳೆ ಲೈಸೆನ್ಸ್ ಅರ್ಜಿಯಲ್ಲಿ ಅದು ನಿಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆ. ಇಎಡಿ ಇಲ್ಲದೆ ಎಚ್-4ನಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ನಿಮಗೆ ಈ ದಾರಿಯೇ ಇಲ್ಲ. ಸಂಬಳವಿಲ್ಲದೆ ಮಾಡುತ್ತೇನೆ ಅಂತಲೂ ಒಪ್ಪಿಕೊಳ್ಳಬೇಡಿ. ಅನುಮತಿ ಪಡೆದು ನಿಂತು ನೋಡುವುದು ಬೇರೆ, ಕೆಲಸ ಮಾಡುವುದು ಬೇರೆ.

ಸಂತೋಷ್ ಕೆ. (ಸ್ಯಾನ್ ಆಂಟೋನಿಯೋ)

ಮಂಜುಳಾ ಮೇಡಂ ಎಲ್ಲಾ ಹೇಳಿಬಿಟ್ಟಿದ್ದಾರೆ. ನಾನು ಆರ್ಮಿ ಹುಡುಗನ ಪ್ರಶ್ನೆಗೆ ಮಾತ್ರ ಬರೆಯುತ್ತೇನೆ. ನಾನಿರುವುದು ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಪಕ್ಕದಲ್ಲೇ, ನಮ್ಮ ಕ್ಲಿನಿಕ್‌ನಲ್ಲಿ ಸೈನ್ಯದಿಂದ ಬಂದವರು ಇದ್ದಾರೆ.

ಆರ್ಮಿಯಲ್ಲಿ ಫಿಸಿಕಲ್ ಥೆರಪಿಗೆ ಎರಡು ಬಾಗಿಲು. ಒಂದು ಆರ್ಮಿ-ಬೇಲರ್ ಡಿಪಿಟಿ. ಅದು ಅಧಿಕಾರಿಗಳಿಗೆ, ಡಿಗ್ರಿ ಆದ ಮೇಲೆ. ಅದಕ್ಕೆ ಫಿಸಿಯೋ ಕೋರ್ಸ್‌ಗಳನ್ನು ಪರಿಶೀಲಿಸುವ ಸಂಸ್ಥೆಯಾದ ಕ್ಯಾಪ್ಟೆಯ ಮಾನ್ಯತೆ ಇದೆ. ಅಲ್ಲಿ ಪಾಸಾದವರು ಬೇರೆ ಯಾವುದೇ ಅಮೆರಿಕನ್ ಡಿಪಿಟಿಯವರ ಹಾಗೆ ಎನ್‌ಪಿಟಿಇ ಬರೆದು ಯಾವ ರಾಜ್ಯದಲ್ಲಾದರೂ ಲೈಸೆನ್ಸ್ ತೆಗೆದುಕೊಳ್ಳುತ್ತಾರೆ. ಇನ್ನೊಂದು 68ಎಫ್. ಇದು ಸೈನಿಕರಿಗೆ. ನಿಮ್ಮ ಹುಡುಗ ಹೇಳುವ ಫಿಸಿಕಲ್ ಥೆರಪಿ ಸ್ಪೆಷಲಿಸ್ಟ್ ಇದೇ. ತರಬೇತಿ ನಡೆಯುವುದೂ ಇಲ್ಲೇ. ಕೆಲಸ ತುಂಬಾ ಗಟ್ಟಿ. ಆದರೆ ಈ ತರಬೇತಿಯೊಂದರಿಂದಲೇ ಹೊರಗೆ ಬಂದು ಪಿಟಿ, ಅಂದರೆ ಲೈಸೆನ್ಸ್ ಇರುವ ಫಿಸಿಯೋ, ಆಗಲು ಆಗುವುದಿಲ್ಲ. ಪಿಟಿಎ, ಅಂದರೆ ಲೈಸೆನ್ಸ್ ಇರುವ ಸಹಾಯಕ, ಅದೂ ಸೀದಾ ಸಿಗುವುದಿಲ್ಲ. ಸೈನ್ಯದ ಆಸ್ಪತ್ರೆಯೊಳಗೆ ನಡೆಯುತ್ತಿದ್ದ ಕೆಲಸಕ್ಕೆ ಗೇಟ್ ದಾಟಿದ ಮೇಲೆ ರಾಜ್ಯದ ಲೈಸೆನ್ಸ್ ಬೇಕು.

ಕೆಲವು ರಾಜ್ಯಗಳು ಸೈನ್ಯದ ತರಬೇತಿಯನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ತರಬೇತಿ ಮತ್ತು ಅನುಭವ ಎರಡನ್ನೂ ತೋರಿಸಿ ಪಿಟಿಎ ಪರೀಕ್ಷೆಗೆ ಕೂರುವ ದಾರಿ ಇದೆ. ಬಹಳಷ್ಟು ಕಡೆ ಕ್ಯಾಪ್ಟೆ ಮಾನ್ಯತೆ ಇರುವ ಎರಡು ವರ್ಷದ ಪಿಟಿಎ ಕೋರ್ಸ್ ಮಾಡಲೇಬೇಕು. ನಮ್ಮ ಸಹೋದ್ಯೋಗಿ ಹಾಗೇ ಮಾಡಿದ್ದು. ರೋಗಿಯನ್ನು ಹಾಸಿಗೆಯಿಂದ ಎಬ್ಬಿಸುವುದರಲ್ಲಿ ಅವರನ್ನು ಮೀರಿಸುವವರು ನಮ್ಮಲ್ಲಿ ಇಲ್ಲ, ಆದರೂ ಮೊದಲ ಸೆಮಿಸ್ಟರ್‌ನ ಅನಾಟಮಿಯಿಂದ ಶುರು ಮಾಡಬೇಕಾಯಿತು. ಇದು ನನಗೆ ನ್ಯಾಯ ಅನ್ನಿಸುವುದಿಲ್ಲ. ಈ ದೇಶದಲ್ಲಿ ಫಿಸಿಯೋ ವೃತ್ತಿ ಬೆಳೆದಿದ್ದೇ ಸೈನ್ಯದಿಂದ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ನಡೆಸಿದ ರೀಕನ್‌ಸ್ಟ್ರಕ್ಷನ್ ಏಡ್‌ಗಳೇ ಮೊದಲ ಫಿಸಿಯೋಗಳು. ಅವರಲ್ಲೊಬ್ಬರಾದ ಮೇರಿ ಮ್ಯಾಕ್‌ಮಿಲನ್ 1921ರಲ್ಲಿ ಶುರುವಾದ ಇಲ್ಲಿನ ಫಿಸಿಯೋಗಳ ಸಂಘದ ಮೊದಲ ಅಧ್ಯಕ್ಷೆ.

ಹುಡುಗನಿಗೆ ಹೇಳಿ: ಆರ್ಮಿಯಲ್ಲಿ ಇರುವಾಗಲೇ ಸೈನ್ಯದ ತರಬೇತಿಯ ದಾಖಲೆಯಾದ ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್ ತೆಗೆಸಿಕೊಂಡು, ಸೇರಬೇಕೆಂದಿರುವ ಕಾಲೇಜಿಗೆ ಕೊಟ್ಟು ಎಷ್ಟು ಕ್ರೆಡಿಟ್ ಕೊಡುತ್ತೀರಿ ಅಂತ ಕೇಳಲಿ. ಫೀಸು ಸೈನಿಕರ ಓದಿಗೆ ಸರ್ಕಾರ ಕೊಡುವ ಜಿಐ ಬಿಲ್ ಸವಲತ್ತಿನಿಂದ ನಡೆಯುತ್ತದೆ. ಪೂರ್ತಿ ಪಿಟಿ ಆಗುವ ಆಸೆ ಇದ್ದರೆ ಆ ಸವಲತ್ತನ್ನು ಪಿಟಿಎಗೆ ಖರ್ಚು ಮಾಡದೆ ಡಿಗ್ರಿ ಮತ್ತು ಡಿಪಿಟಿಗೆ ಉಳಿಸಿಕೊಳ್ಳುವುದು ಒಳ್ಳೆಯದು. ಪೂರ್ತಿ ಸವಲತ್ತು ಅಂದರೂ 36 ತಿಂಗಳದ್ದು ಮಾತ್ರ, ಪಿಟಿಎಗೂ ಇವಕ್ಕೂ ಸೇರಿ ಸಾಲುವುದಿಲ್ಲ.

ನಂದಿನಿ (ಲೀಡ್ಸ್)

ನಿಮ್ಮೆಲ್ಲರ ಕಷ್ಟ ಓದಿ ಒಂದು ಮಾತು. ನಾನು ಮಂಗಳೂರಿನಲ್ಲಿ ಬಿಪಿಟಿ ಮಾಡಿ ಇಂಗ್ಲೆಂಡಿಗೆ ಬಂದವಳು. ಇಲ್ಲಿ ಇಡೀ ದೇಶಕ್ಕೆ ಒಂದೇ ನೋಂದಣಿ, ಎಚ್‌ಸಿಪಿಸಿ. ಎನ್‌ಪಿಟಿಇ ಥರದ ದೊಡ್ಡ ಪರೀಕ್ಷೆ ಇಲ್ಲ. ನಿಮ್ಮ ಓದು ಮತ್ತು ಕೆಲಸದ ಅನುಭವ ಎರಡನ್ನೂ ಇಟ್ಟು ನೋಡುತ್ತಾರೆ, ಮೈಸೂರಿನ ನಿಮ್ಮ ವರ್ಷಗಳಿಗೆ ಇಲ್ಲಿ ಬೆಲೆ ಇದೆ. ಅಮೆರಿಕದಲ್ಲಿ ಮನೆ ಮಾಡಿರುವ ನಿಮಗೆ ಇದು ಪ್ರಯೋಜನವಿಲ್ಲ, ನಿಜ. ಇನ್ನೂ ಊರಿನಲ್ಲಿ ಇದ್ದು ಯಾವ ದೇಶ ಅಂತ ಯೋಚಿಸುತ್ತಿರುವವರಿಗೆ ಬರೆದೆ.

ಪವಿತ್ರಾ ಹಾಸನ

ಮಂಜುಳಕ್ಕ, ಸಂತೋಷ್ ಅವರೇ, ನಂದಿನಿ ಅವರೇ, ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಇದುವರೆಗೆ ಯಾರೂ ಹೇಳಿರಲಿಲ್ಲ. ಅಕ್ಕ, ಎರಡು ಅನುಮಾನ. ಕೋಚಿಂಗ್‌ನವರು ವೀಸಾ ಸರ್ಟಿಫಿಕೇಟ್ ಕೂಡ ಈಗಲೇ ಮಾಡಿಸಬೇಕು ಅನ್ನುತ್ತಾರೆ, ಟೈಪ್ 1 ಅಂತೆ. ನನಗೆ ಬೇಕಾ? ಮತ್ತೆ, ದಾಖಲೆ ತರಿಸುವ ತನಕ ಪರೀಕ್ಷೆಗೆ ಓದಲು ಶುರು ಮಾಡಲಾ?

ಮಂಜುಳಾ ದಾವಣಗೆರೆ

ಟೈಪ್ 1 ಅಂದರೆ ಹೊರದೇಶದಿಂದ ಫಿಸಿಯೋ ಕೆಲಸಕ್ಕೆ ಅಂತಲೇ ಬರುವವರಿಗೆ ಬೇಕಾದ ಪ್ರಮಾಣಪತ್ರ. 1996ರ ವಲಸೆ ಕಾನೂನಿನಿಂದ ಬಂದದ್ದು. ಆಸ್ಪತ್ರೆಯವರು ನಿಮ್ಮ ಹೆಸರಲ್ಲಿ ಎಚ್-1ಬಿ ಕೆಲಸದ ವೀಸಾ ಹಾಕಿದಾಗ, ಅಥವಾ ನೀವೇ ಫಿಸಿಯೋ ಆಗಿ ಗ್ರೀನ್ ಕಾರ್ಡ್‌ಗೆ ಹೋದಾಗ ಬೇಕು. ಯಜಮಾನರ ಮೇಲೆ ಅವಲಂಬಿತರಾಗಿ ಇರುವವರಿಗೆ ಆ ನಿಯಮ ಅನ್ವಯಿಸುವುದಿಲ್ಲ. ನಿಮಗೆ ಈಗ ಬೇಕಿರುವುದು ಲೈಸೆನ್ಸ್‌ಗಾಗಿ ರಾಜ್ಯ ಕೇಳುವ ವರದಿ ಮಾತ್ರ.

ಆದರೂ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಎಚ್-4 ಇಎಡಿ ಯಜಮಾನರ ವೀಸಾ ಮೇಲೆ ನಿಂತಿದೆ. ಅವರ ಕೆಲಸ ಹೋದರೆ ನಿಮ್ಮ ಕೆಲಸವೂ ಹೋಗುತ್ತದೆ. ಫಿಸಿಯೋಗಳು ನರ್ಸ್‌ಗಳ ಜೊತೆ ಶೆಡ್ಯೂಲ್ ಎ ಪಟ್ಟಿಯಲ್ಲಿದ್ದಾರೆ. ಅಂದರೆ ಗ್ರೀನ್ ಕಾರ್ಡ್ ಹಾಕುವಾಗ ಇಲ್ಲಿ ಜನ ಸಿಗುತ್ತಿಲ್ಲ ಅಂತ ಜಾಹೀರಾತು ಕೊಟ್ಟು ತೋರಿಸುವ ಪರ್ಮ್ ಹಂತ ಇರುವುದಿಲ್ಲ. ಭಾರತದವರ ಸರದಿ ಉದ್ದವೇ, ಅದೇನೂ ಕಡಿಮೆಯಾಗುವುದಿಲ್ಲ. ಆದರೆ ನಿಮ್ಮದೇ ಹೆಸರಿನಲ್ಲಿ ಒಂದು ಅರ್ಜಿ ಇದ್ದರೆ ಧೈರ್ಯ ಬೇರೆ. ಲೈಸೆನ್ಸ್ ಬಂದು ಕೆಲಸಕ್ಕೆ ಸೇರಿದ ಮೇಲೆ ಅದನ್ನು ಕೇಳಿ. ಆಗ ಟೈಪ್ 1 ಮಾಡಿಸಿದರೆ ಸಾಕು.

ಓದನ್ನು ಈಗಲೇ ಶುರು ಮಾಡಿ, ಆದರೆ ಪರೀಕ್ಷೆಯ ದಿನ ಗೊತ್ತು ಮಾಡಬೇಡಿ. ಹೃದಯ-ಶ್ವಾಸಕೋಶದ ಭಾಗದಿಂದ ಶುರುವಾಗಲಿ. ನಿಮಗೆ ಮೂಳೆ ಕೀಲು ಕೈಗೆ ಬಂದಿದೆ, ಐಸಿಯುದಲ್ಲಿ ಕೆಲಸ ಮಾಡಿಲ್ಲದಿದ್ದರೆ ಇದೇ ಕಷ್ಟ ಕೊಡುತ್ತದೆ. ನಾಳೆ ಟೆಕ್ಸಾಸ್ ಬೋರ್ಡಿಗೆ ಕಳಿಸುವ ಇಮೇಲ್‌ನಲ್ಲಿ ನಾಲ್ಕೇ ಸಾಲು ಸಾಕು: ನಾನು 2015ರಲ್ಲಿ ಭಾರತದಲ್ಲಿ ಬಿಪಿಟಿ ಮುಗಿಸಿದ್ದೇನೆ, ಬೇರೆ ಯಾವ ರಾಜ್ಯದ ಲೈಸೆನ್ಸೂ ಇಲ್ಲ, ನನ್ನನ್ನು ಯಾವ ಸಿಡಬ್ಲ್ಯೂಟಿಯಿಂದ ನೋಡುತ್ತೀರಿ, ಯಾವ ಸಂಸ್ಥೆಗಳ ವರದಿ ಒಪ್ಪುತ್ತೀರಿ. ಉತ್ತರ ಬಂದಾಗ ಇಲ್ಲೇ ಹಾಕಿ, ಮುಂದಿನದನ್ನು ನೋಡೋಣ. ಆ ಕೋಚಿಂಗ್‌ನವರಿಗೆ ಅಲ್ಲಿಯವರೆಗೆ ಒಂದು ಡಾಲರ್ ಕೂಡ ಕಟ್ಟಬೇಡಿ.